ಚೆನ್ನೆಮಣೆಯೂ ನನ್ನ ಲೆಕ್ಕವೂ

‘ಅರೇ’ ಎಂಬುದು ಆಶ್ಚರ್ಯಸೂಚಕವೆಂದೇ ನಾನು ಬಹುಕಾಲ ನಂಬಿದ್ದೆ. ಕಲಾ ವಿಭಾಗದವನಾದ ನನಗೆ ಕಂಪ್ಯೂಟರ್ ಪಾಠದ ಮೊದಲ ವಾರದಲ್ಲಿ ಅದರ ಬೇರೊಂದು ಅರ್ಥ ತಿಳಿಯಿತು: ಒಂದೇ ಹೆಸರಿನ ಕೆಳಗೆ ಸಾಲಾಗಿ ಕುಳಿತ ಅಂಕೆಗಳ ಮನೆಗಳು. ನಾವು ಕಲಿತ ಪೈಥಾನ್ ಭಾಷೆಯಲ್ಲಿ ಆ ಕೆಲಸಕ್ಕೆ ‘ಲಿಸ್ಟ್’ ಇದೆ. ಉಪನ್ಯಾಸಕರು ಹಲಗೆಯ ಮೇಲೆ ಚೌಕಗಳನ್ನು ಬರೆಯುತ್ತಿದ್ದರೆ ನನ್ನ ಕಣ್ಣಿಗೆ ಕಂಡದ್ದು ಕಾರ್ಕಳದ ಬಳಿಯ ನಮ್ಮ ಹಳ್ಳಿಮನೆಯ ಚೆನ್ನೆಮಣೆ.

ಘಟ್ಟದ ಮೇಲಿನವರು ಅಳಗುಳಿಮಣೆ ಎನ್ನುವ ಈ ಆಟ ತುಳುನಾಡಿನಲ್ಲಿ ಆಟಿ ತಿಂಗಳಿನದು. ಹೊರಗೆ ಬಿಡದ ಮಳೆ, ಒಳಗೆ ಮಾಡಲು ಕೆಲಸವಿಲ್ಲ. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಅಕ್ಕತಂಗಿಯರು ಎದುರುಬದುರಾಗಿ ಆಡಬಾರದೆಂದು ಅಜ್ಜಿಯ ಕಟ್ಟಳೆ; ಸಿರಿ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ-ದಾರಗರು ಈ ಮಣೆಯ ಮುಂದೆ ಜಗಳವಾಡಿಯೇ ಪ್ರಾಣ ಕಳೆದುಕೊಂಡರಂತೆ. ಹೀಗಾಗಿ ನನ್ನ ಇಬ್ಬರು ಅಕ್ಕಂದಿರು ಬರಿಯ ಪ್ರೇಕ್ಷಕರು, ಅಜ್ಜಿಗೆ ಎದುರಾಳಿ ನಾನೊಬ್ಬನೇ. ಅಜ್ಜಿ ಸೋತದ್ದನ್ನು ಮನೆಯಲ್ಲಿ ಕಂಡವರಿಲ್ಲ.

ಅವರ ಗುಟ್ಟನ್ನು ಹಿಡಿಯಬೇಕೆಂದು ಹೋದ ವರ್ಷದ ಆಟಿಯಲ್ಲಿ ನಾನೊಂದು ಪ್ರೋಗ್ರಾಂ ಬರೆದೆ. ‘ಮಣೆ’ ಎಂಬ ಲಿಸ್ಟಿನಲ್ಲಿ 14 ಅಂಕೆಗಳು. ಪ್ರತಿ ನಡೆಯಾದ ಮೇಲೆ ಆ ಮಣೆಯನ್ನು ‘ದಾಖಲೆ’ ಎಂಬ ಇನ್ನೊಂದು ಲಿಸ್ಟಿಗೆ ಸೇರಿಸುವುದು. ಆಟ ಮುಗಿದಾಗ ಮಣೆಯನ್ನು ಬರಿದು ಮಾಡಿ ಮತ್ತೆ ನಾಲ್ಕು ನಾಲ್ಕು ತುಂಬುವುದು. ಸಂಜೆಗೆ ದಾಖಲೆಯನ್ನು ಕಡತಕ್ಕೆ ಇಳಿಸುವುದು.

ಬರಿದು ಮಾಡುವುದರಲ್ಲಿಯೇ ಮೊದಲು ಎಡವಿದೆ. ಅಜ್ಜಿ ಮಣೆಯನ್ನು ಮಗುಚಿದರೆ ಬೀಜ ಬೀಳುತ್ತದೆ, ಗುಳಿ ಉಳಿಯುತ್ತದೆ. ಪೈಥಾನಿನ ‘ಕ್ಲಿಯರ್’ ಆಜ್ಞೆಯಾದರೋ ಗುಳಿಗಳನ್ನೇ ನುಂಗುತ್ತದೆ. ಉಳಿಯುವುದು ಗುಳಿಯಿಲ್ಲದ ಮಣೆ. ಮೊದಲ ಗುಳಿಗೆ ನಾಲ್ಕು ಹಾಕಹೋದರೆ ಅಂಥ ಗುಳಿಯೇ ಇಲ್ಲವೆಂದು ಯಂತ್ರ ಗದರಿತು. ಕ್ಲಿಯರ್ ಆದ ಮೇಲೆ 14 ನಾಲ್ಕುಗಳನ್ನು ಹೊಸದಾಗಿ ಸೇರಿಸಿ ಅದನ್ನು ಸರಿಪಡಿಸಿದೆ. ನನ್ನ ಜಾಣತನದ ಬಗ್ಗೆ ನನಗೆ ಹೆಮ್ಮೆಯೂ ಆಯಿತೆನ್ನಿ.

ಆ ಆಟಿಯಲ್ಲಿ ಹನ್ನೊಂದು ಆಟ ಆಡಿದೆವು. ಹನ್ನೊಂದರಲ್ಲೂ ನಾನು ಸೋತೆ. ಸೋಣ ತಿಂಗಳು ಬಂದ ಮೇಲೆ ಕಡತವನ್ನು ತೆರೆದೆ. ಮೊದಲ ಸಾಲಿನಲ್ಲಿ 14 ನಾಲ್ಕುಗಳು. ಎರಡನೆಯದರಲ್ಲಿ 14 ನಾಲ್ಕುಗಳು. ಕೊನೆಯ ಸಾಲಿನವರೆಗೂ ಅದೇ. ದಾಖಲೆಗೆ ನಾನು ಸೇರಿಸಿದ್ದು ಮಣೆಯ ಚಿತ್ರವನ್ನಲ್ಲ, ಮಣೆಯನ್ನೇ! ನೂರು ಸಲ ಬರೆದರೂ ಅದು ಅದೇ ಒಂದು ಮಣೆಯ ಹೆಸರು. ಅದನ್ನು ಬರಿದು ಮಾಡಿ ತುಂಬಿದಾಗಲೆಲ್ಲ ಹಳೆಯ ಸಾಲುಗಳೂ ಬರಿದಾಗಿ ತುಂಬಿಕೊಂಡಿದ್ದವು. ಹೊಸ ಆಟಕ್ಕೆ ಹೊಸ ಲಿಸ್ಟನ್ನೇ ಮಾಡಿಕೊಂಡಿದ್ದರೆ ಆಟಕ್ಕೊಂದು ಸ್ಥಿತಿಯಾದರೂ ಉಳಿಯುತ್ತಿತ್ತು. ಪ್ರತಿ ನಡೆಗೂ ‘ಕಾಪಿ’ ಮಾಡಿ ಇಟ್ಟಿದ್ದರೆ ಎಲ್ಲವೂ ಉಳಿಯುತ್ತಿತ್ತು.

ಅಜ್ಜಿಗೆ ತೋರಿಸಿದೆ. “ಎಂತ ಮಗಾ, ಎಲ್ಲಾ ನಾಲ್ಕೇ ಉಂಟಲ್ಲ? ಆಟ ಸುರುವೇ ಆಗಲಿಲ್ಲವಾ?” ಎಂದು ನಕ್ಕರು. “ಇರಲಿ, ಬರುವ ಆಟಿಗೆ ಮತ್ತೆ ಆಡುವ.”

ಈ ವರ್ಷವೂ ಆಡಿದೆವು. ಅಜ್ಜಿಗೆ ಕಣ್ಣು ಮಂದವಾಗಿದೆ. ಬೆರಳಿನಿಂದ ಗುಳಿ ತಡವಿ ಎಣಿಸುತ್ತಾರೆ. ಮೂರನೆಯ ಗುಳಿಗೆ ಬರುವಾಗ ಮೊದಲನೆಯದು ಮರೆತಿರುತ್ತದೆ. ಐದು ಆಟಕ್ಕೇ ಸಾಕೆಂದರು. ಈಗ ಪ್ರೋಗ್ರಾಂ ಸರಿಯಾಗಿದೆ, ಐದೂ ಆಟಗಳ ಪ್ರತಿಯೊಂದು ನಡೆಯೂ ಕಡತದಲ್ಲಿ ಭದ್ರವಾಗಿದೆ. ಅವುಗಳಲ್ಲಿ ಮೂರನ್ನು ನಾನು ಗೆದ್ದಿದ್ದೇನೆ.