ಗದ್ದದ ಕೆಳಗಿನ ಲೆಕ್ಕ

ಕನ್ನಡ ಓದುವವನಿಗೆ ಅಕ್ಷರ ಎಣಿಸುವ ತೊಂದರೆಯಿಲ್ಲ. ‘ಮರ’ ಎಂದರೆ ಎರಡು, ‘ಕಮಲ’ ಎಂದರೆ ಮೂರು. ಕಣ್ಣು ಕಂಡದ್ದನ್ನೇ ಕಿವಿಯೂ ಒಪ್ಪುತ್ತದೆ. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನಗಳು ಒತ್ತಾಗಿ ಕುಳಿತರೂ ಅಕ್ಷರ ಒಂದೇ. ಇಂಗ್ಲಿಷಿನ ಅಂಗಳಕ್ಕೆ ಕಾಲಿಟ್ಟರೆ ಈ ನೆಮ್ಮದಿ ಬಾಗಿಲಲ್ಲೇ ಉಳಿದುಬಿಡುತ್ತದೆ. ‘ಸ್ಟ್ರೆಂಗ್ತ್ಸ್’ ಎಂದು ಬರೆಯಲು ಅವರಿಗೆ ಒಂಬತ್ತು ಲೆಟರುಗಳು ಬೇಕು. ಕಿವಿಗೆ ಬೀಳುವ ಸಿಲಬಲ್ ಮಾತ್ರ ಒಂದೇ. ‘ಐಡಿಯಾ’ ಎಂಬುದಕ್ಕೆ ನಾಲ್ಕೇ ಲೆಟರು, ಸಿಲಬಲ್ ಮೂರು!

ನಮ್ಮ ಇಂಗ್ಲಿಷ್ ಮೇಷ್ಟರು ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. ಅಂಗೈಯನ್ನು ಗದ್ದದ ಕೆಳಗಿಟ್ಟುಕೊಂಡು ಶಬ್ದವನ್ನು ಗಟ್ಟಿಯಾಗಿ ಹೇಳುವುದು; ದವಡೆ ಎಷ್ಟು ಸಲ ಇಳಿಯಿತೋ ಅಷ್ಟು ಸಿಲಬಲ್. ಇಡೀ ತರಗತಿ ಗದ್ದಕ್ಕೆ ಕೈಕೊಟ್ಟು ಕುಳಿತಾಗ ಹೊರಗಿನಿಂದ ನೋಡಿದವರಿಗೆ ನಾವೆಲ್ಲ ಏನೋ ದೊಡ್ಡ ಚಿಂತೆಯಲ್ಲಿರುವಂತೆ ಕಾಣುತ್ತಿತ್ತು. ಆದರೂ ‘ಫೈರ್’ ಎಂಬಲ್ಲಿ ದವಡೆ ಇಳಿಯುವುದು ಒಮ್ಮೆಯೋ ಎರಡು ಸಲವೋ ಎಂಬುದು ಇಂಗ್ಲಿಷರಲ್ಲೇ ಇತ್ಯರ್ಥವಾಗಿಲ್ಲ. ಕವಿಗಳಿಗೆ ಅದೇ ಅನುಕೂಲ. ಷೇಕ್ಸ್‌ಪಿಯರನ ಸಾಲಿಗೆ ಸಾಮಾನ್ಯವಾಗಿ ಹತ್ತು ಸಿಲಬಲ್, ಐದು ಒತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಷಟ್ಪದಿಯನ್ನು ತೂಗುವ ನಮಗೆ ಇದು ಬೇರೆಯೇ ತಕ್ಕಡಿ. ಆ ಕಾಲದ ಪದ್ಯದಲ್ಲಿ ‘ಲವ್ಡ್’ ಎಂಬ ಒಂದು ಸಿಲಬಲ್ಲಿನ ಮಾತು, ಸಾಲು ಬೇಡಿದರೆ ‘ಲವೆಡ್’ ಎಂದು ಎರಡಾಗಿ ನಿಲ್ಲುತ್ತದೆ.

ಈ ಎಣಿಕೆ ಮರೆತರೆ ಏನಾಗುತ್ತದೆಂಬುದಕ್ಕೆ ಛಾಸರ್ ಕವಿಯ ಪಾಡೇ ಸಾಕ್ಷಿ. ಆತ ತೀರಿಕೊಂಡದ್ದು 1400ರಲ್ಲಿ. ಇಂದು ಶಬ್ದದ ಕೊನೆಯಲ್ಲಿ ಮೂಕವಾಗಿ ಕುಳಿತಿರುವ ‘ಇ’ ಎಂಬ ಲೆಟರಿಗೆ ಅವನ ಪದ್ಯದಲ್ಲಿ ಇನ್ನೂ ಬಾಯಿತ್ತು. ‘ನೇಮ್’ ಎಂಬುದು ಆಗ ಹೆಚ್ಚುಕಡಿಮೆ ‘ನಾಮೆ’. ಹೊಸದಾಗಿ ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಹಾಗೆ ಓದಿ ಪೆಟ್ಟು ತಿಂದರೆ, ಅವರು ಆರುನೂರು ವರ್ಷ ತಡವಾಗಿ ಹುಟ್ಟಿದರೆಂದಷ್ಟೇ ಹೇಳಬೇಕು! ಮುಂದೆ ಆ ದನಿ ಅಡಗಿತು. 1700ರಲ್ಲಿ ಡ್ರೈಡನ್ನನಂಥ ದೊಡ್ಡ ಕವಿಯೇ, ಛಾಸರನನ್ನು ಮನಸಾರೆ ಮೆಚ್ಚಿದರೂ, ಅವನ ಎಷ್ಟೋ ಸಾಲುಗಳು ಎಣಿಕೆಗೆ ಸಾಲವು, ಕಾವ್ಯದ ಬಾಲ್ಯಕಾಲದಲ್ಲಿ ಅಷ್ಟೇ ಸಾಧ್ಯ ಎಂದು ತೀರ್ಪು ಕೊಟ್ಟ. ‘ಕ್ಯಾಂಟರ್ಬರಿ ಟೇಲ್ಸ್’ ಕಾವ್ಯವನ್ನು 1775ರಿಂದ ಸಂಪಾದಿಸಿ ಹೊರತಂದ ಟಿರ್ವಿಟ್ ಎಂಬ ವಿದ್ವಾಂಸ, ಆ ಮೂಕ ಲೆಟರಿಗೆ ಮತ್ತೆ ದನಿ ಕೊಟ್ಟು ಓದಿದರೆ ಸಾಲು ತುಂಬುತ್ತದೆಂದು ತೋರಿಸಿದ. ಕುಂಟುತ್ತಿದ್ದುದು ಕವಿಯ ಪಾದವಲ್ಲ, ಓದುವವರ ಕಿವಿ.

ನಮ್ಮ ಹಳ್ಳಿಯವರ ‘ಇಸ್ಕೂಲು’ ಕೇಳಿ ನಗುವವರನ್ನು ಕಂಡಾಗ ನನಗೆ ಈ ಕತೆ ನೆನಪಾಗುತ್ತದೆ. ಒಂದು ಸಿಲಬಲ್ಲಿನ ಶಬ್ದ ನಮ್ಮ ಬಾಯಲ್ಲಿ ಮೂರಾಯಿತು, ನಿಜ. ಕನ್ನಡದ ನಾಲಿಗೆಗೆ ಮಾತು ಸ್ವರದಲ್ಲಿ ಮುಗಿದರೇ ಸಮಾಧಾನ. ಮೊದಲಲ್ಲೇ ಸಕಾರ ಕಕಾರಗಳು ಜೊತೆಗೂಡಿ ಬಂದರೆ ಹತ್ತಲು ಒಂದು ಇಕಾರದ ಮೆಟ್ಟಿಲು ಬೇಕು. ಸ್ಪೇನಿನವರೂ ಇಂಥದೇ ಮೆಟ್ಟಿಲು ಹಾಕಿ ಲ್ಯಾಟಿನ್ನಿನ ‘ಸ್ಕೋಲಾ’ವನ್ನು ‘ಎಸ್ಕುವೇಲಾ’ ಮಾಡಿಕೊಂಡರು. ಐರ್ಲೆಂಡಿನಲ್ಲಿ ಎಷ್ಟೋ ಜನ ‘ಫಿಲ್ಮ್’ ಎನ್ನದೆ ‘ಫಿಲಮ್’ ಎನ್ನುತ್ತಾರೆ. ಅವರನ್ನು ಕಂಡು ನಮ್ಮಲ್ಲಿ ಯಾರೂ ನಕ್ಕದ್ದಿಲ್ಲ.

ನನಗೆ ಗೊತ್ತಿರುವ ಹುಡುಗನೊಬ್ಬ ಲೆಕ್ಕದಲ್ಲಿ ಬಹಳ ಜಾಣ. ಪಟ್ಟಣದ ಕಾಲೇಜಿನಲ್ಲಿ ಮೊದಲ ವಾರವೇ ‘ಇಸ್ಕೂಲು’ ಎಂದು ನಗೆಗೀಡಾದವನು, ಆಮೇಲೆ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟುಬಿಟ್ಟ. ಗೊತ್ತಿರುವ ಉತ್ತರವನ್ನೂ ಹೇಳುವುದಿಲ್ಲವಂತೆ. ಈಗ ಅವನ ಗದ್ದದ ಕೆಳಗೆ ಕೈಯಿಟ್ಟರೆ ಎಣಿಸುವುದಕ್ಕೆ ಏನೂ ಸಿಕ್ಕುವುದಿಲ್ಲ. ಪದ್ಯ ಓದುವಾಗ ಇಂಗ್ಲಿಷರ ಲೆಕ್ಕವನ್ನು ಅವನು ಕಲಿಯಬೇಕಾದದ್ದೇ. ಅದಿಲ್ಲದೆ ಸಾಲಿನ ನಡೆ ಸಿಕ್ಕದು. ಆದರೆ ಅದಕ್ಕೆ ಮೊದಲು ಅವನು ಬಾಯಿ ತೆರೆಯಬೇಕು. ಈ ಬೇಸಿಗೆ ರಜಕ್ಕೆ ಊರಿಗೆ ಬಂದಾಗ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಛಾಸರನ ಕತೆ ಹೇಳಬೇಕೆಂದಿದ್ದೇನೆ.