ಚಿನ್ನ ಹೋದ ಊರಿನಲ್ಲಿ ಒಂದು ಹಗಲು

ಬೆಂಗಳೂರಿನಿಂದ ಹೊರಟ ಮಾರಿಕುಪ್ಪಂ ರೈಲು ಬಂಗಾರಪೇಟೆಯಲ್ಲಿ ಮುಖ್ಯ ಹಾದಿಯನ್ನು ಬಿಟ್ಟು ಹೊರಳುತ್ತದೆ. ಅಲ್ಲಿಂದ ಮುಂದಣ ನಿಲ್ದಾಣಗಳ ಹೆಸರುಗಳನ್ನು ಓದುವುದೇ ಒಂದು ವಿನೋದ: ಕೋರಮಂಡಲ, ಊರಿಗಾಂ, ಚಾಂಪಿಯನ್, ಕಡೆಗೆ ಮಾರಿಕುಪ್ಪಂ. ಚೋಳಮಂಡಲವೆಂಬ ಶಬ್ದ ಐರೋಪ್ಯರ ನಾಲಗೆಯಲ್ಲಿ ಹೊರಳಾಡಿ, ಕೋರಮಂಡಲವಾಗಿ, ಸಮುದ್ರದ ಸುಳಿವೇ ಇಲ್ಲದ ಕೋಲಾರದ ಬಂಡೆಗಳ ನಡುವೆ ಬಂದು ಕುಳಿತಿದೆ. ಭಾಷೆಯ ಪಾಠ ಹೇಳುವವನ ಕಣ್ಣಿಗೆ ಮೊದಲು ಬೀಳುವುದು ಇಂಥವೇ.

ನಾನು ಅಲ್ಲಿಗೆ ಹೋದದ್ದು ಒಂದು ಬಗೆಯ ಪ್ರಾಯಶ್ಚಿತ್ತಕ್ಕಾಗಿ. ಎರಡು ವರ್ಷಗಳ ಹಿಂದೆ ತರಗತಿಯಲ್ಲಿ ‘ನನ್ನ ಊರು’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಿಸಿದ್ದೆ. ಹುಡುಗನೊಬ್ಬ ಒಂದೇ ಸಾಲು ಬರೆದು ಕೊಟ್ಟಿದ್ದ: “ನನ್ನ ಊರು ಕೆ.ಜಿ.ಎಫ್., ಅಲ್ಲಿ ಈಗ ಏನೂ ಇಲ್ಲ.” ನಾನು ಕೆಂಪು ಶಾಯಿಯಲ್ಲಿ ‘ಸೋಮಾರಿತನ’ ಎಂದು ಬರೆದು ಸೊನ್ನೆ ಹಾಕಿದೆ. ಅವನು ಮುನಿಯಲಿಲ್ಲ. “ಒಮ್ಮೆ ಬಂದು ನೋಡಿ, ಸಾರ್” ಎಂದಷ್ಟೇ ಹೇಳಿದ.

ಏನೂ ಇಲ್ಲವೆನ್ನುವ ಈ ಊರಿನಲ್ಲಿ ಒಂದು ಕಾಲಕ್ಕೆ ಏನಿರಲಿಲ್ಲ? 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ತೋಡಲಾರಂಭಿಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಈ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು ಆಮೇಲೆ, 1905ರಲ್ಲಿ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವತ್ತಾದುವು, 1962ರಲ್ಲಿ ಕೇಂದ್ರದ ವಶವಾದುವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ನೀರೆತ್ತುವ ಯಂತ್ರಗಳೂ ನಿಂತವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆ ಪಾತಾಳದಲ್ಲಿ ಈಗ ನೀರು ತುಂಬಿಕೊಂಡಿದೆ.

ಹುಡುಗನ ಮನೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಒಂದು. ಅವನ ತಾತ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕಾದಿದ್ದರು. ಎಂಬತ್ತು ದಾಟಿದ ಜೀವ. ಅವರ ಹಿರಿಯರು ಉತ್ತರ ಆರ್ಕಾಟಿನಿಂದ ಬಂದವರು. ಮಾತು ತಮಿಳು ಬೆರೆತ ಕನ್ನಡ, ನಡುನಡುವೆ ಗಣಿಯ ಇಂಗ್ಲಿಷು. ಕಾಫಿ ಬರುವ ಮೊದಲೇ ಕೇಳಿದರು: “ಆ ಸೈನ್ಸಿನವರ ಕಥೆ ಬೇಕೋ, ಚಿನ್ನದ ಕಥೆ ಬೇಕೋ?”

ಚಿನ್ನದ ಕಥೆಯನ್ನು ಚಲನಚಿತ್ರದವರು ಹೇಳಿ ಆಗಿದೆ, ಸೈನ್ಸಿನದೇ ಆಗಲಿ ಎಂದೆ.

ಆ ಕಥೆಯನ್ನು ವಾಚಕರಿಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಕಾಶದಿಂದ ವಿಶ್ವಕಿರಣಗಳು ಹಗಲಿರುಳೂ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಅವು ಬಂಡೆಯನ್ನು ಎಷ್ಟು ಆಳದವರೆಗೆ ತೂರಬಲ್ಲವೆಂಬುದನ್ನು ಅಳೆಯಲು ಹೋಮಿ ಭಾಭಾ ಅವರು 1951ರಲ್ಲಿ ಬಿ. ವಿ. ಶ್ರೀಕಂಠನ್ ಎಂಬ ತರುಣರನ್ನು ಈ ಗಣಿಗೆ ಕಳುಹಿಸಿದರು. ಶ್ರೀಕಂಠನ್ ನಮ್ಮ ನಂಜನಗೂಡಿನವರು. ಆಳ ಹೆಚ್ಚಿದಂತೆ ಕಣಗಳು ವಿರಳವಾಗುತ್ತ ಬಂದವು. ಮುಂದೆ 1960ರ ದಶಕದ ಮೊದಲಲ್ಲಿ ಇನ್ನೂ ಕೆಳಗೆ ಉಪಕರಣವಿಟ್ಟು ಎರಡು ತಿಂಗಳು ಕಾದರು. ಒಂದು ಕಣವೂ ಬರಲಿಲ್ಲ.

ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಆ ನಿಶ್ಶಬ್ದವೇ ತಮಗೆ ಬೇಕಾದದ್ದೆಂದು ಹಿಗ್ಗಿದರು. ನ್ಯೂಟ್ರಿನೊ ಎಂಬ ಕಣವೊಂದಿದೆ. ಅದು ಇಡೀ ಭೂಗೋಳವನ್ನೇ ಏನೂ ಇಲ್ಲವೆಂಬಂತೆ ತೂರಿ ಹೋಗುತ್ತದೆ. ಎಲ್ಲೋ ಅಪರೂಪಕ್ಕೊಮ್ಮೆ ಬಂಡೆಗೆ ತಾಕಿ ಮ್ಯೂಆನ್ ಎಂಬ ಇನ್ನೊಂದು ಕಣವನ್ನು ಹುಟ್ಟಿಸುತ್ತದೆ. ಆಕಾಶದ ಗದ್ದಲವೆಲ್ಲ ಅಡಗಿದ ಕಡೆ ಮಾತ್ರ ಅದರ ಹೆಜ್ಜೆಯ ಸದ್ದು ಕೇಳೀತು. ಅಂಥ ಆಳಕ್ಕೂ ಇಳಿಯುವ ಅಷ್ಟಿಷ್ಟು ಮ್ಯೂಆನ್‌ಗಳು ನೆತ್ತಿಯಿಂದಲೇ ಬರುವುದರಿಂದ, ಅಡ್ಡಲಾಗಿ ಬರುವುದನ್ನು ಹಿಡಿಯಲೆಂದು ಉಪಕರಣಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ಕಣ ಹಾದರೆ ನಿಯಾನ್ ನಳಿಗೆಗಳು ಮಿನುಗಬೇಕು, ಕ್ಯಾಮೆರಾ ಅದರ ಚಿತ್ರ ತೆಗೆಯಬೇಕು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ — ಮೂರು ದೇಶದವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಬಲೆ ಹೂಡಿದರು. 1965ರಲ್ಲಿ ಬೇಟೆ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು ಕಂಡ ವರದಿ ಆಗಸ್ಟ್ ತಿಂಗಳ ನಡುವೆ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಬೇಟೆಯಾಡುತ್ತಿದ್ದ ಇನ್ನೊಂದು ತಂಡದ ವರದಿ ಬಂದದ್ದು ಅದರ ಎರಡು ವಾರದ ಅನಂತರ.

“ಸೀಸದ ಇಟ್ಟಿಗೆ ಹೊತ್ತು ಇಳಿಸಿದ್ದು ನಾವು” ಎಂದರು ತಾತ. “ಒಂದೊಂದೂ ಮಗುವಿನ ಭಾರ. ಪಂಜರದಲ್ಲಿ ಇಳಿಯುವಾಗ ಕಿವಿ ಗುಂಯ್ ಎನ್ನುತ್ತಿತ್ತು. ಏನನ್ನು ಹಿಡಿಯುತ್ತಾರೆ ಸ್ವಾಮಿ ಎಂದು ಕೇಳಿದರೆ, ಕಾಣದ್ದು ಎನ್ನುತ್ತಿದ್ದರು. ನಮಗೆ ನಗು. ಕಾಣುವ ಚಿನ್ನವನ್ನೇ ನಾವು ಹಿಡಿಯುವ ಹಾಗಿರಲಿಲ್ಲ, ಬಾಗಿಲಲ್ಲಿ ಮೈ ತಡಕುತ್ತಿದ್ದರು.”

ನಗುತ್ತಲೇ ಕೆಮ್ಮತೊಡಗಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಬಂಡೆಯನ್ನು ಕೊರೆದಾಗ ಏಳುವ ಸಿಲಿಕದ ಧೂಳು ಪುಪ್ಪುಸವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1934ರಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಅಧಿಕ ಮಂದಿಯಲ್ಲಿ ಅದು ಕಂಡುಬಂದಿತು. ತಾತನ ಅಣ್ಣ ಐವತ್ತು ತುಂಬುವ ಮುನ್ನ ತೀರಿಕೊಂಡರಂತೆ. ಯಾವ ಕಾಯಿಲೆಯೆಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಹುಡುಗ ನನ್ನನ್ನು ಸೈನೈಡ್ ಗುಡ್ಡಗಳತ್ತ ಕರೆದೊಯ್ದ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡಿನಿಂದ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಬೂದಿಬಣ್ಣದ ಹುಡಿಯನ್ನು ದಶಕಗಟ್ಟಲೆ ಸುರಿದು ಆದ ಬೆಟ್ಟಗಳು ಇವು. ಹುಲ್ಲೂ ಅಂಜುತ್ತ ಮೊಳೆತಿದೆ. ಈ ಹುಡಿಯಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆಯಾಗಿ, 13 ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇನ್ನು ಕೆಲಸ ಸಿಕ್ಕೀತೆಂದು ಕೆಲವರು, ಧೂಳು ಇಮ್ಮಡಿಯಾದೀತೆಂದು ಕೆಲವರು. ಹುಡುಗನ ತಾಯಿಯ ಚಿಂತೆ ಬೇರೆ: ತಾವಿರುವ ಮನೆಯ ಪತ್ರ ಇನ್ನೂ ತಮ್ಮ ಹೆಸರಿಗಿಲ್ಲ.

ಹೊರಡುವಾಗ ತಾತ ಕೈ ಹಿಡಿದು ನಿಲ್ಲಿಸಿದರು.

“ಅದು ಈಗಲೂ ಹೋಗುತ್ತದೆಯೆ? ಆ ಕಾಣದ್ದು?”

“ಹೋಗುತ್ತದೆ. ನಿಮ್ಮ ಮೂಲಕವೂ ನನ್ನ ಮೂಲಕವೂ ಹೋಗುತ್ತಲೇ ಇದೆ.”

“ಕೆಳಗೆ ನೀರು ತುಂಬಿದೆಯಲ್ಲ?”

“ನೀರು ಅದಕ್ಕೆ ಲೆಕ್ಕವಿಲ್ಲ.”

ಅವರು ಸ್ವಲ್ಪ ಹೊತ್ತು ತಮ್ಮ ಎದೆಯ ಕಡೆ ನೋಡಿಕೊಂಡರು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಸೊಸೆ ಓಡಿ ಬಂದು ಒಣಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ನಾವು ಮೂಗಿಗೆ ಕರವಸ್ತ್ರವೊತ್ತಿ ನಿಲ್ದಾಣದ ಕಡೆ ನಡೆದೆವು. ದಾರಿಯಲ್ಲಿ ಹುಡುಗ ಪ್ರಬಂಧದ ಮಾತೆತ್ತಲಿಲ್ಲ. ಎತ್ತುವನೆಂದು ನಾನು ರೈಲು ಬರುವವರೆಗೂ ಕಾದೆ.