ಸಾರಜನಕದ ಋಣ

ಹೆಸರಿಡುವವನು ವಸ್ತುವಿನ ಯಾವ ಮುಖವನ್ನು ಮೊದಲು ಕಂಡನೋ ಅದೇ ಹೆಸರಾಗಿ ನಿಲ್ಲುವುದು ಭಾಷೆಯ ಸ್ವಭಾವ. ಗಾಳಿಯ ಬಹುಭಾಗವಾಗಿರುವ ಅನಿಲವೊಂದಕ್ಕೆ ಫ್ರಾನ್ಸಿನ ಲವಾಸಿಯೆ ಮತ್ತು ಅವನ ಸಂಗಡಿಗರು 1787ರಲ್ಲಿ ‘ಅಜೋಟ್’ ಎಂಬ ಹೆಸರನ್ನಿತ್ತರು. ಗ್ರೀಕ್ ಮೂಲದ ಆ ಪದಕ್ಕೆ ‘ಜೀವವಿಲ್ಲದ್ದು’ ಎಂದರ್ಥ. ಆ ಅನಿಲವೊಂದೇ ಇದ್ದಲ್ಲಿ ದೀಪ ಉರಿಯದು, ಪ್ರಾಣಿ ಬದುಕದು. ಕನ್ನಡವಾದರೋ ಅದನ್ನೇ ‘ಸಾರಜನಕ’ವೆಂದಿತು, ಸಾರವನ್ನು ಹುಟ್ಟಿಸುವುದು ಎಂದಿತು. ಇಷ್ಟು ವಿರುದ್ಧವಾದ ಎರಡು ಹೆಸರುಗಳು ಒಂದೇ ವಸ್ತುವಿಗೆ ಸಲ್ಲುವುದು ಹೇಗೆ? ಇದಕ್ಕೆ ಉತ್ತರವಿರುವುದು ನಿಘಂಟಿನಲ್ಲಲ್ಲ, ಹೊಲದಲ್ಲಿ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಎಲೆಯ ಪತ್ರಹರಿತ್ತಿಗೂ ಕಾಳಿನ ಪ್ರೋಟೀನಿಗೂ ಅದು ಬೇಕೇ ಬೇಕು. ಆದರೂ ಆ ಗಾಳಿಯಲ್ಲೇ ತೂಗಾಡುವ ರಾಗಿಯ ಪೈರು ಸಾರಜನಕವಿಲ್ಲದೆ ಹಳದಿಗಟ್ಟಿ ಸೊರಗುವುದುಂಟು. ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಆ ಬಿಗಿತವನ್ನು ಸಡಿಲಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ.

ಆ ಶಕ್ತಿಯಿರುವುದು ಕಣ್ಣಿಗೆ ಕಾಣದ ಕೆಲವು ಬ್ಯಾಕ್ಟೀರಿಯಾಗಳಿಗೆ. ಹಳೆಯ ಮೈಸೂರು ಸೀಮೆಯ ರೈತ ರಾಗಿಯ ನಡುನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲುಗಳನ್ನು ಬಿತ್ತುತ್ತ ಬಂದವನು. ಅವರೆಯ ಗಿಡವನ್ನು ಮೆಲ್ಲನೆ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಹಸಿಯ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಬಂಧುವಾದ ವಸ್ತುವೊಂದರ ಬಣ್ಣ ಅದು. ಆ ಗಂಟಿನೊಳಗೆ ಕುಳಿತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿಸಿ ಗಿಡಕ್ಕೆ ಕೊಡುತ್ತದೆ. ಗಿಡ ಬಿಸಿಲಿನಲ್ಲಿ ದುಡಿದ ಸಕ್ಕರೆಯನ್ನು ಅದಕ್ಕೆ ಉಣಿಸುತ್ತದೆ. ಈ ಕೊಡುಕೊಳೆಯ ಗುಟ್ಟನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ 1880ರ ದಶಕದಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದನು.

ಅವರೆಯ ಈ ಗಳಿಕೆ ನೆರೆಯ ರಾಗಿಗೆ ಕೂಡಲೆ ದಕ್ಕುವುದು ಅಲ್ಪ. ಕಾಳಿನೊಡನೆ ಒಂದು ಪಾಲು ಮನೆ ಸೇರುತ್ತದೆ. ಉದುರಿದ ಎಲೆ, ಉಳಿದ ಬೇರು, ದನದ ಸಗಣಿ ಮಣ್ಣಿನಲ್ಲಿ ಕೊಳೆತ ಮೇಲೆಯೇ ಉಳಿದದ್ದು ಮುಂದಿನ ಪೈರಿನ ಪಾಲಾಗುತ್ತದೆ. ಕೊಳೆತದ್ದರಿಂದ ಹೊಮ್ಮಿದ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಮತ್ತೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅದನ್ನು ಬೇರುಗಳು ಹೀರಿಕೊಳ್ಳುತ್ತವೆ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಪುನಃ ಗಾಳಿಗೆ ಸೇರಿಸುತ್ತವೆ. ಪಡೆದದ್ದನ್ನು ಯಾರೂ ತಮ್ಮಲ್ಲೇ ಇಟ್ಟುಕೊಳ್ಳಲಾರರು ಎಂಬುದೇ ಈ ಚಕ್ರದ ಧರ್ಮ.

ಮನುಷ್ಯನೂ ಆ ಬಿಗಿತವನ್ನು ಸಡಿಲಿಸಲು ಕಲಿತನು. ಹಾಬರ್ 1909ರಲ್ಲಿ ತೋರಿಸಿಕೊಟ್ಟ ವಿಧಾನವನ್ನು ಬಾಷ್ 1913ರ ವೇಳೆಗೆ ಕಾರ್ಖಾನೆಗೆ ತಂದನು. ಅಧಿಕ ಒತ್ತಡ, ಅಧಿಕ ಉಷ್ಣತೆಗಳನ್ನು ಬೇಡುವ ಆ ಕಾರ್ಯವನ್ನು ಬೇರುಗಂಟು ಹೊಲದ ತಂಪಿನಲ್ಲಿಯೇ ನೆರವೇರಿಸುತ್ತದೆ. ಹಾಗೆಂದು ರಾಸಾಯನಿಕ ಗೊಬ್ಬರವನ್ನು ಹಳಿಯುವುದು ಕೃತಘ್ನತೆಯಾದೀತು. ಕೋಟ್ಯಂತರ ಜನರ ತುತ್ತು ಅದರ ಋಣದಲ್ಲಿದೆ. ಆದರೆ ನೂರಕ್ಕೆ 46 ಪಾಲು ಸಾರಜನಕವಿರುವ ಯೂರಿಯಾವನ್ನು ಅಳತೆಯಿಲ್ಲದೆ ಚೆಲ್ಲಿದಾಗ ಪೈರು ಉಣ್ಣದೆ ಬಿಟ್ಟದ್ದು ನೈಟ್ರೇಟಾಗಿ ಬಾವಿಗಿಳಿಯುತ್ತದೆ. ಇನ್ನಷ್ಟು ನೈಟ್ರಸ್ ಆಕ್ಸೈಡ್ ಆಗಿ ಆಕಾಶಕ್ಕೇರಿ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದೆಂಬುದು ಭಾರತೀಯ ಮಾನದಂಡ. ಸಾರಜನಕವು ಸಾರವಾಗುವುದಕ್ಕೂ ವಿಷವಾಗುವುದಕ್ಕೂ ನಡುವಿರುವುದು ಅಳತೆಯ ಅಂತರ ಮಾತ್ರ.

ಒಂದೇ ಬೆಳೆಯ ಹೊಲಗಳು ಹಬ್ಬಿದಲ್ಲೆಲ್ಲ ಅಕ್ಕಡಿ ಸಾಲು ಕಿರಿದಾಯಿತು. ಸಾಲಿನೊಡನೆ ಆ ಮಾತೂ ಮರೆಯಾದರೆ ನಷ್ಟ ಭಾಷೆಗಷ್ಟೇ ಅಲ್ಲ. ಗೊಬ್ಬರದ ಚೀಲಕ್ಕೆ ಬೆಲೆಯುಂಟು, ರಸೀದಿಯುಂಟು. ಅವರೆಯ ಬೇರು ಕೊಟ್ಟದ್ದಕ್ಕೆ ಲೆಕ್ಕ ಬರೆದವರಿಲ್ಲ. ಬೆಳೆ ಕೊಯ್ದ ಮೇಲೆ ಬೇರನ್ನು ಮಣ್ಣಿಗೇ ಬಿಟ್ಟು ಬರುತ್ತಿದ್ದ ರೈತನಿಗೆ ‘ಅಜೋಟ್’ ಎಂಬ ಹೆಸರೂ ತಿಳಿದಿರಲಿಲ್ಲ, ‘ಸಾರಜನಕ’ವೆಂಬ ಹೆಸರೂ ತಿಳಿದಿರಲಿಲ್ಲ. ಮಣ್ಣಿನಿಂದ ಪಡೆದದ್ದರಲ್ಲಿ ಒಂದು ಪಾಲು ಮಣ್ಣಿಗೆ ಸಲ್ಲಬೇಕೆಂಬುದು ಮಾತ್ರ ತಿಳಿದಿತ್ತು.